ಮೂವತ್ತನ್ನು ಇಪ್ಪತ್ತೈದು ಮಾಡುವುದು

ಎಕಲಾಕ, ಮೊಂಟಾನಾ
ಆಗಸ್ಟ್ 28, 1983

ಪ್ರೀತಿಯ ಸೆಲ್ಮರ್,

ಈ ಪೆಟ್ಟಿಗೆಯಲ್ಲಿ ನಲವತ್ತೆರಡು ಖಾಲಿ ಕಾಡತೂಸುಗಳಿವೆ. ಎಲ್ಲವೂ ಮೂವತ್ತರ ಅಳತೆಯವೇ. ಹದಿನಾರನ್ನು ಬೇಟೆ ಬಿಡಾರಗಳ ಸುತ್ತ ನಾನೇ ಬಗ್ಗಿ ಹೆಕ್ಕಿದೆ, ಉಳಿದವನ್ನು ಡಾರೆಲ್ ಕೊಟ್ಟ. ನಮ್ಮ ಬೇಲಿಯಾಚೆಯವನು, ಶಾಲೆಯಲ್ಲಿ ನೀನು ಒಬ್ಬನ ಮೂಗಿಗೆ ಗುದ್ದಿದ್ದೆಯಲ್ಲ, ಅವನ ಮಗ. ಕೊಡುವಾಗ ಕೇಳಿದ, "ಅಲ್ಲ ಆರ್ಡಿಸಕ್ಕ, ಈ ಕಸ ತಗೊಂಡು ಏನ್ಮಾಡ್ತೀರಾ? ಆ ಹಳೇ ಕೋವಿ ಬಿಸಾಕಿ ಹೊಸಾದು ತಗೋಬಾರ್ದಾ?" ನಾನಂದೆ, "ನಿನ್ ಹೆಂಡ್ತಿ ಹಳಬಳಾದ್ಲು ಅಂತ ಹೊಸಬಳನ್ನ ತರ್ತೀಯೇನೋ?" ಬಾಯಿ ಮುಚ್ಚಿಕೊಂಡು ಹೋಗಿ ಇನ್ನೊಂದು ಹಿಡಿ ತಂದು ಸುರಿದ.

ಮೂವತ್ತರ ಖಾಲಿಗಳು ಇಲ್ಲಿ ದಾರಿಯ ಕಲ್ಲಿನಷ್ಟು ಅಗ್ಗ. ಮನೆಗೊಂದು ಮೂವತ್ತರ ಕೋವಿ ಇದೆ. ಅಪ್ಪನ ಇಪ್ಪತ್ತೈದರ ಕೋವಿಗೆ ಮಾತ್ರ ಯಾವ ಅಂಗಡಿಯಲ್ಲೂ ಕಾಡತೂಸಿಲ್ಲ. ಮೈಲ್ಸ್ ಸಿಟಿಯ ಅಂಗಡಿಯ ಹುಡುಗಿಯನ್ನು ಕೇಳಿದರೆ, "ಹಂಗಂದ್ರೇನು?" ಎಂದು ನನ್ನನ್ನೇ ಕೇಳಿದಳು. ಹಾಗಾಗಿ ಈ ವರ್ಷವೂ ನೀನೇ ಗತಿ. ಎರಡಕ್ಕೂ ಬುಡ ಒಂದೇ, ಕತ್ತು ಸಣ್ಣದಾದರೆ ಸಾಕು ಎಂದು ನೀನು ಸುಲಭವಾಗಿ ಹೇಳಿಬಿಡುತ್ತೀಯ. ನನ್ನ ಕತ್ತಂತೂ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿದೆ.

ಪೆಟ್ಟಿಗೆ ಕಟ್ಟುವಾಗ ಅಪ್ಪ ಪಾಲು ಮಾಡಿದ ದಿನ ನೆನಪಾಯಿತು. ಕೋವಿ ನನಗೆ, ಕಾಡತೂಸಿನ ಕತ್ತು ಕಿರಿದು ಮಾಡುವ ಅಚ್ಚುಗಳೂ ಒತ್ತುಯಂತ್ರವೂ ನಿನಗೆ. ಅಮ್ಮ ಸಿಡಿಮಿಡಿಗುಟ್ಟಿದಳು, "ಇದ್ಯಾವ ಸೀಮೆ ಪಾಲು ಹಾಲ್ವರ್? ಒಬ್ರಿಗೆ ಬಂಡಿ, ಒಬ್ರಿಗೆ ಕುದುರೆ ಕೊಟ್ಟಂಗಾಯ್ತು." ಅಪ್ಪ ಪೈಪು ಕಚ್ಚಿಕೊಂಡೇ ಅಂದ, "ಹೌದು ಕಣೇ, ಇಲ್ದಿದ್ರೆ ಇವೆರಡೂ ಒಬ್ರ ಮುಖ ಒಬ್ರು ನೋಡ್ತಾವಾ?" ಮೂವತ್ತೊಂದು ವರ್ಷವಾಯಿತು. ಕ್ರಿಸ್‌ಮಸ್ಸಿಗೆ ಒಂದು ಕಾರ್ಡು ಹಾಕಲೂ ಸೋಮಾರಿಯಾದ ನನ್ನ ತಮ್ಮ, ಈ ಪೆಟ್ಟಿಗೆ ಹೋದಾಗ ಮಾತ್ರ ಎರಡು ಪುಟ ಬರೆಯುತ್ತಾನೆ. ಅಪ್ಪನ ಲೆಕ್ಕ ತಪ್ಪಲಿಲ್ಲ.

ಈ ಸಲ ಮೂರು ಪುಟ ಬರಿ.

ನಿನ್ನ ಅಕ್ಕ,
ಆರ್ಡಿಸ್


ಬ್ಯೂಟ್, ಮೊಂಟಾನಾ
ಸೆಪ್ಟೆಂಬರ್ 30, 1983

ಪ್ರೀತಿಯ ಅಕ್ಕ,

ನಲವತ್ತೆರಡರಲ್ಲಿ ಎರಡು ಬಿರುಕು ಬಿಟ್ಟಿದ್ದವು, ಎಸೆದೆ. ಉಳಿದ ನಲವತ್ತು ಈ ಪತ್ರದ ಜೊತೆಗೇ ಬರುತ್ತಿವೆ. ಪೆಟ್ಟಿಗೆ ತೆರೆದಾಗ ಕಣ್ಣು ಕುಕ್ಕೀತು, ಎಚ್ಚರ. ನನ್ನ ಹುಟ್ಟುಹಬ್ಬಕ್ಕೆ ಮಗಳು ಲೊರೇನ್ ಹೊಳಪು ಕೊಡುವ ಯಂತ್ರ ತಂದಳು. ಅಕ್ರೋಟಿನ ಚಿಪ್ಪಿನ ಪುಡಿ ಹಾಕಿ ಗುಂಡಿ ಒತ್ತಿದರೆ ಡಬ್ಬ ತಾನೇ ತಿರುಗುತ್ತದೆ. "ಅಪ್ಪಾ, ನೀನು ಮಾಡಿದ್ದೆಲ್ಲ ಮಣ್ಣಲ್ಲಿ ಅಗೆದು ತೆಗ್ದಂಗಿರುತ್ತೆ. ದೊಡ್ಡಮ್ಮಂಗೆ ಒಂದ್ಸಲನಾದ್ರೂ ಚೆನ್ನಾಗಿರೋದು ಕಳ್ಸು," ಎಂದಳು. ಅಪ್ಪ ಇದನ್ನು ಒಪ್ಪುತ್ತಿರಲಿಲ್ಲ. ಕಾಯಿಸಿದಾಗ ಮೂಡುವ ನೀಲಿ ಪಟ್ಟೆ ಕತ್ತಿನ ಕೆಳಗೆ ಹಾಗೇ ಇರಬೇಕು, ಬಿಸಿ ಎಲ್ಲಿಯವರೆಗೆ ಇಳಿದಿದೆ ಎಂದು ನೋಡಿದವರಿಗೆ ಕಾಣಬೇಕು ಎನ್ನುತ್ತಿದ್ದ.

ಅಡುಗೆಮನೆಯ ಕಿಟಕಿಯ ಹತ್ತಿರ ಅವನು ಕೂರುತ್ತಿದ್ದದ್ದು ನಿನಗೆ ನೆನಪಿದೆಯಲ್ಲ. ಮುಂದೆ ಮೇಣದ ಬತ್ತಿ, ಪಕ್ಕದಲ್ಲಿ ನೀರಿನ ಬೋಗುಣಿ. ನನಗೆ ಒಂಬತ್ತು ವರ್ಷ. ಕಾಡತೂಸಿನ ಬುಡವನ್ನು ನನ್ನ ಎರಡು ಬೆರಳಿಗೆ ಕೊಟ್ಟು, "ಕತ್ತು ಬೆಂಕಿಗೆ ಹಿಡಿದು ತಿರುಗಿಸ್ತಾ ಇರು," ಎಂದ. "ಬೆರಳಿಗಿಂತ ಒಳ್ಳೇ ಗಡಿಯಾರ ಇಲ್ಲ ಕಣೋ. ಹಿಡ್ಕೊಳಕ್ಕೆ ಆಗ್ದಿದ್ದ ತಕ್ಷಣ ನೀರಿಗೆ ಬಿಡು. ಕತ್ತು ಮೆತ್ತಗಾಗ್ಬೇಕು, ಬುಡ ಗಟ್ಟಿ ಇರ್ಬೇಕು. ಬುಡ ಮೆತ್ತಗಾದ್ರೆ ಕೋವಿ ನಿನ್ ಮುಖಕ್ಕೇ ಉಗಿಯುತ್ತೆ." ಚುಂಯ್ ಎಂದು ಅದು ನೀರಿಗೆ ಬೀಳುವ ಸದ್ದು ಕೇಳಲೆಂದೇ ನಾನು ಬೇಕೆಂದು ಬೇಗ ಬಿಡುತ್ತಿದ್ದೆ. ಅಪ್ಪ ಮತ್ತೆ ಎತ್ತಿ ಕೈಗೆ ಕೊಡುತ್ತಿದ್ದ.

ಈಗ ಮೇಣದ ಬತ್ತಿ ಇಲ್ಲ. ಗಣಿಯಲ್ಲಿ ಕೊಳಾಯಿ ಬೆಸೆಯುತ್ತಿದ್ದಾಗಿನ ಗ್ಯಾಸ್ ದೀಪವೇ ಸಾಕು, ಬೇಗ ಆಗುತ್ತದೆ. ಡಾಕ್ಟರು ಸಕ್ಕರೆ ಜಾಸ್ತಿ ಎಂದಿದ್ದಾರೆ, ಪೈ ತಿನ್ನುವಂತಿಲ್ಲ. ಉಳಿದಂತೆ ಗುಂಡುಕಲ್ಲಿನ ಹಾಗಿದ್ದೇನೆ. ಅಕ್ಷರ ಸೊಟ್ಟಗಾಗಿದ್ದರೆ ಪೆನ್ನಿನ ತಪ್ಪು.

ಸೆಲ್ಮರ್


ಎಕಲಾಕ
ಅಕ್ಟೋಬರ್ 9, 1983

ಪ್ರೀತಿಯ ಸೆಲ್ಮರ್,

ಅಬ್ಬಾ, ಏನು ಹೊಳಪು! ಮದುವೆ ಊಟಕ್ಕೆ ತೆಗೆದಿಟ್ಟ ಚಮಚಗಳ ಹಾಗಿವೆ. ಇವುಗಳಿಗೆ ಮದ್ದು ತುಂಬಲು ಮನಸ್ಸೇ ಬರಲಿಲ್ಲ. ಚರ್ಚಿನ ಹೆಂಗಸರಿಗೆಲ್ಲ ತೋರಿಸಿಕೊಂಡು ಬಂದೆ. ಒಬ್ಬಳು, "ಲಿಪ್‌ಸ್ಟಿಕ್ಕಾ?" ಎಂದಳು.

ನಿನ್ನೆ ಇಡೀ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಅಪ್ಪನ ಇಕ್ಕಳ ಹಿಡಿದು ಕೇಪು, ಮದ್ದು, ಗುಂಡು ಎಂದು ತುಂಬುತ್ತಾ ಕೂತಿದ್ದೆ. ನೀನು ಬತ್ತಿಯ ಕಥೆ ಬರೆದೆಯಲ್ಲ, ಅದರ ಅರ್ಧ ಮರೆತಿದ್ದೀಯ. ನೀರಿನ ಬೋಗುಣಿ ತುಂಬಿಸಿ ತಂದವಳು ನಾನು. ನನಗಾಗ ಹನ್ನೆರಡು. "ನಂಗೂ ಒಂದು ಕೊಡಪ್ಪ," ಎಂದರೆ, "ನೀನು ಕಾಫಿ ಇಡು ಹೋಗು, ಹೆಣ್ಮಕ್ಕಳ ಬೆರಳು ಸುಟ್ರೆ ನಿಮ್ಮಮ್ಮ ನನ್ನ ಬೈತಾಳೆ," ಎಂದ. ಕೋವಿ ಹಾರಿಸಲು ಕಲಿಸಿದವನು ಕಾಡತೂಸು ಮಾಡಲು ಕಲಿಸಲಿಲ್ಲ. ಎಪ್ಪತ್ತು ವರ್ಷವಾದರೂ ನನಗೆ ಆ ಹೊಟ್ಟೆಕಿಚ್ಚು ಹೋಗಿಲ್ಲ, ತಿಳಿದುಕೋ.

ನಿನ್ನ ಅಕ್ಷರಕ್ಕೆ ಪೆನ್ನು ಏನೂ ಮಾಡಿಲ್ಲ. ಕೋಳಿ ಕೆದರಿದ ಹಾಗಿದೆ. ಕನ್ನಡಕ ಬದಲಾಯಿಸಿಕೋ. ಇಪ್ಪತ್ತಮೂರಕ್ಕೆ ಜಿಂಕೆ ಬೇಟೆ ಶುರು. ನಾನೂ ಡಾರೆಲ್ಲನೂ ಪೈನ್ ಮರಗಳ ದಿಣ್ಣೆಗೆ ಹೋಗುತ್ತೇವೆ, ಅಪ್ಪ ಕೂರುತ್ತಿದ್ದ ಅದೇ ಬಂಡೆಗೆ.

ಆರ್ಡಿಸ್


ಎಕಲಾಕ
ಅಕ್ಟೋಬರ್ 24, 1983

ಸೆಲ್ಮರ್,

ಇದನ್ನು ಅಂಚೆಗೆ ಹಾಕುವುದಿಲ್ಲ ಎಂದು ಬರೆಯುವಾಗಲೇ ಗೊತ್ತು. ಆದರೂ ಬರೆಯದಿದ್ದರೆ ಎದೆ ಒಡೆದು ಹೋಗುತ್ತದೆ.

ನಿನ್ನೆ ಬೆಳಿಗ್ಗೆ ಗಂಡು ಜಿಂಕೆಯೊಂದು ಹಳ್ಳದಿಂದ ಹತ್ತಿ ಬಂತು. ಕೋವಿಯ ಕುದುರೆ ಎಳೆದೆ. ಕೋವಿ ಗುಂಡನ್ನು ಮುಂದಕ್ಕೂ ಕಳಿಸಿತು, ನನ್ನ ಮುಖಕ್ಕೂ ಉಗಿಯಿತು. ಬಿಸಿ ಹೊಗೆ, ಹಿತ್ತಾಳೆಯ ಚೂರು. ಬಲಗಣ್ಣಿನ ಕೆಳಗೆ ಸೀಳಿತು. ಕನ್ನಡಕದ ಗಾಜು ಕಣ್ಣು ಉಳಿಸಿತು. ಡಾರೆಲ್ ಓಡಿಬಂದ. "ಅಯ್ಯೋ ಆರ್ಡಿಸಕ್ಕ, ಕಣ್ಣು! ಕಣ್ಣು ಬಿಡಿ, ನಾನ್ ಕಾಣ್ತೀನಾ?" "ಕಾಣ್ತೀಯ ಕಣೋ, ಇಷ್ಟು ಹತ್ರದಿಂದ ಬೇಡ," ಎಂದೆ. ಏಳು ಹೊಲಿಗೆ ಹಾಕಿದರು. ಮುಳ್ಳುತಂತಿ ತಗುಲಿತೆಂದು ಹೇಳು ಎಂದು ಡಾರೆಲ್ಲನಿಂದ ಮಾತು ತೆಗೆದುಕೊಂಡಿದ್ದೇನೆ.

ಮನೆಗೆ ಬಂದು ಆ ಕಾಡತೂಸನ್ನು ನೋಡಿದೆ. ಬುಡ ಉಬ್ಬಿ ಬಾಯಿಬಿಟ್ಟಿದೆ. ಹೋದ ವರ್ಷದ್ದೊಂದು ಡ್ರಾಯರಿನಲ್ಲಿತ್ತು. ಅದರ ಬುಡಕ್ಕೆ ಚಾಕುವಿನ ತುದಿ ಒತ್ತಿದರೆ ಜಾರುತ್ತದೆ. ಈ ವರ್ಷದ್ದಕ್ಕೆ ಒತ್ತಿದರೆ ಕಚ್ಚುತ್ತದೆ, ಬುಡ ಅಷ್ಟು ಮೆತ್ತಗಾಗಿದೆ. ಹೊಳಪು ಇಲ್ಲದಿದ್ದರೆ ಬಣ್ಣ ಬುಡದವರೆಗೂ ಇಳಿದದ್ದು ನನಗೆ ಮೊದಲೇ ಕಾಣುತ್ತಿತ್ತು. ನೀನು ಅಜಾಗರೂಕನಲ್ಲ. ಅಷ್ಟು ಬಿಸಿಯಾಗುವವರೆಗೆ ಕೈಯಲ್ಲಿ ಹಿಡಿದಿದ್ದೀಯ ಅಂದರೆ ನಿನ್ನ ಬೆರಳಿಗೆ ಅದು ತಿಳಿದಿಲ್ಲ. ಅಕ್ಷರ ಯಾಕೆ ಹಾಗಿದೆ ಎಂದೂ ಈಗ ಗೊತ್ತಾಯಿತು.

ಹೇಳಿದರೆ ನೀನು ಇನ್ನು ಅಚ್ಚು ಮುಟ್ಟುವುದಿಲ್ಲ. ಅಚ್ಚು ಮುಟ್ಟದಿದ್ದರೆ ಪೆಟ್ಟಿಗೆ ಬರುವುದಿಲ್ಲ, ಪತ್ರವೂ ಬರುವುದಿಲ್ಲ. ಹೇಳದಿದ್ದರೆ ಮುಂದಿನ ವರ್ಷ ಇನ್ನೂ ನಲವತ್ತು ಬರುತ್ತವೆ. ಏನು ಮಾಡಲೋ ಸೆಲ್ಮರ್, ನನಗೆ ತಿಳಿಯುತ್ತಿಲ್ಲ.


ಎಕಲಾಕ
ಅಕ್ಟೋಬರ್ 27, 1983

ಪ್ರೀತಿಯ ಸೆಲ್ಮರ್,

ಈ ವರ್ಷ ಬೇಟೆಗೆ ಹೋಗಲಿಲ್ಲ. ಮಂಡಿ ನೋವು. ನಿನ್ನ ಕಾಡತೂಸುಗಳು ಇನ್ನೂ ಡಬ್ಬಿಯಲ್ಲೇ ಮಿಂಚುತ್ತಾ ಕೂತಿವೆ. ಡಾರೆಲ್ ಒಂದು ತೊಡೆ ಮಾಂಸ ಕೊಟ್ಟ, ನನಗೆ ಅಷ್ಟೇ ಸಾಕು.

ಸುಮ್ಮನೆ ಕೇಳುತ್ತೇನೆ, ನಿನ್ನ ಕೈಗಳು ಹೇಗಿವೆ? ನಮ್ಮ ಚರ್ಚಿನಲ್ಲಿ ಸಕ್ಕರೆ ಕಾಯಿಲೆ ಇರುವ ಒಬ್ಬರಿಗೆ ಕಾಲು ಜೋಮು ಹಿಡಿಯುತ್ತದಂತೆ. ಡಾಕ್ಟರಿಗೆ ತೋರಿಸು.

ಆರ್ಡಿಸ್


ಬ್ಯೂಟ್
ನವೆಂಬರ್ 14, 1983

ಪ್ರೀತಿಯ ಅಕ್ಕ,

ಆ ನಲವತ್ತನ್ನು ಹಾರಿಸಬೇಡ. ಒಂದನ್ನೂ ಹಾರಿಸಬೇಡ. ಈ ಸಲ ನೀನು ಕಳಿಸಿದ ಹಿತ್ತಾಳೆಯೇ ಸರಿಯಿಲ್ಲ. ಡಾರೆಲ್ ಅದೆಷ್ಟು ಸಲ ತುಂಬಿ ಹಾರಿಸಿ ಬಿಸಾಡಿದ್ದನ್ನು ಕೊಟ್ಟನೋ ಯಾರಿಗೆ ಗೊತ್ತು. ಎಲ್ಲವನ್ನೂ ಕೆರೆಗೆ ಎಸೆ.

ಬೇಕಾದರೆ ಮೂವತ್ತರ ಕೋವಿಯೊಂದನ್ನು ತೆಗೆದುಕೋ. ಅಪ್ಪನದ್ದು ಗೋಡೆಯ ಮೇಲಿರಲಿ. ನಮಗೂ ವಯಸ್ಸಾಯಿತು, ಈ ಆಟ ಎಷ್ಟು ದಿನ.

ಸೆಲ್ಮರ್


ಎಕಲಾಕ
ನವೆಂಬರ್ 22, 1983

ಸೆಲ್ಮರ್,

ಆಯಿತಪ್ಪ, ನನ್ನ ಹಿತ್ತಾಳೆ ಕೆಟ್ಟದ್ದು. ಡಾರೆಲ್ ಕೆಟ್ಟವನು. ನಲವತ್ತನ್ನೂ ಗೋಣಿಗೆ ಹಾಕಿ ಕಲ್ಲು ಕಟ್ಟಿ ಕೆರೆಗೆ ಎಸೆದೆ.

ಆದರೆ "ಈ ಆಟ" ಎಂದು ಬರೆದೆಯಲ್ಲ, ಅದನ್ನು ನುಂಗಿಕೊಳ್ಳಲು ಆಗುತ್ತಿಲ್ಲ. ನನ್ನ ಗಂಡ ಸತ್ತ ವರ್ಷ ಯಾರೊಡನೆಯೂ ಮಾತು ಬೇಡವಾಗಿದ್ದಾಗ ನಾನು ಮನೆಯಿಂದ ಹೊರಗೆ ಕಾಲಿಟ್ಟದ್ದು ನಿನಗೆ ಖಾಲಿ ಕಾಡತೂಸು ಹೆಕ್ಕಲು. ನಿನಗೆ ಅದು ಆಟವಾಗಿದ್ದರೆ ಹೇಳು, ಕೇಳಿಸಿಕೊಂಡು ಸುಮ್ಮನಾಗುತ್ತೇನೆ. ಮೂವತ್ತರ ಕೋವಿ ಮಾತ್ರ ತೆಗೆದುಕೊಳ್ಳುವುದಿಲ್ಲ.

ನನ್ನದೊಂದು ಆಸೆ ಇದೆ. ಹಿಮ ಕರಗಿದ ಮೇಲೆ ಅಚ್ಚುಗಳನ್ನು ಹೊತ್ತುಕೊಂಡು ಇಲ್ಲಿಗೆ ಬಾ. ನನಗೆ ಕಲಿಸು. ಅಪ್ಪ ಕಲಿಸದೇ ಹೋದದ್ದನ್ನು ನೀನು ಕಲಿಸು.

ಇನ್ನೊಂದು ವಿಷಯ. ಈ ತಿಂಗಳು ಯಾರೋ ಮೂರು ದಿನ ಬೆಳಿಗ್ಗೆ ಫೋನ್ ಮಾಡಿದರು. "ಹಲೋ ಯಾರು?" ಎಂದರೆ ಇಟ್ಟುಬಿಡುತ್ತಾರೆ. ಮೂರನೆಯ ದಿನ, "ಲೋ ಕತ್ತೆ, ಬಾಯಿಲ್ವಾ ನಿಂಗೆ?" ಎಂದು ಚೆನ್ನಾಗಿ ಝಾಡಿಸಿದೆ. ಆಮೇಲೆ ಬಂದಿಲ್ಲ. ಡಾರೆಲ್ಲನ ಮಕ್ಕಳ ಕೆಲಸವೇ ಇರಬೇಕು.

ಆರ್ಡಿಸ್


ಬ್ಯೂಟ್
ಡಿಸೆಂಬರ್ 6, 1983

ಪ್ರೀತಿಯ ಅಕ್ಕ,

ಆ ಕತ್ತೆ ನಾನೇ.

ಮೊದಲಿನಿಂದ ಹೇಳುತ್ತೇನೆ. ಸೆಪ್ಟೆಂಬರಿನಲ್ಲಿ ನಿನ್ನ ಕಾಡತೂಸು ಕಾಯಿಸಿದ ಮರುದಿನ ಲೊರೇನ್ ನನ್ನ ಕೈ ಹಿಡಿದು, "ಅಪ್ಪಾ, ಬೆರಳೆಲ್ಲ ಬೊಬ್ಬೆ ಎದ್ದಿದೆ, ಏನ್ಮಾಡ್ಕೊಂಡೆ?" ಎಂದಳು. ಒಲೆ ತಗುಲಿತು ಎಂದೆ. ನಾನೂ ಹಾಗೆಂದೇ ನಂಬಿದೆ. ನಂಬುವುದು ಸುಲಭವಾಗಿತ್ತು. ಗುಂಡಿ ಹಾಕಿಕೊಳ್ಳಲು ಆಗದಿದ್ದಾಗ ಅಂಗಿ ಹೊಸದು ಎಂದುಕೊಂಡೆ. ಬರೆಯಲು ಆಗದಿದ್ದಾಗ ಪೆನ್ನನ್ನು ಬೈದೆ.

ನೀನು ಡಾಕ್ಟರಿಗೆ ತೋರಿಸು ಎಂದು ಬರೆದೆ, ನವೆಂಬರ್ ಎಂಟಕ್ಕೆ ಹೋದೆ. ಕಣ್ಣು ಮುಚ್ಚಲು ಹೇಳಿದರು. "ಸೂಜಿ ಚುಚ್ಚಿದಾಗ ಹೇಳಿ," ಎಂದರು. ನಾನು ಕಾದೆ, ಕಾದೆ. "ಶುರು ಮಾಡಿ ಡಾಕ್ಟ್ರೇ, ನಾನ್ ಹೆದರಲ್ಲ," ಎಂದೆ. ಕಣ್ಣು ಬಿಟ್ಟರೆ ನಾಲ್ಕು ಬೆರಳ ತುದಿಯಲ್ಲೂ ರಕ್ತದ ಹನಿ.

ಅಲ್ಲೇ ಕೂತಲ್ಲೇ ನನಗೆ ನಿನ್ನ ನಲವತ್ತು ನೆನಪಾದವು. ಒಂದೊಂದನ್ನೂ ಎಷ್ಟು ಹೊತ್ತು ಹಿಡಿದಿದ್ದೆನೋ. ಯಾವ ಗಡಿಯಾರ ನೋಡಿ ಬಿಟ್ಟೆನೋ. ಮೇಲೆ ಹೊಳಪು ಬೇರೆ ಕೊಟ್ಟು ನಿನ್ನ ಕಣ್ಣಿಗೂ ಮಣ್ಣೆರಚಿದೆ. ಹಾರಿಸಿಲ್ಲ ಎಂದು ನೀನು ಬರೆದದ್ದು ಅಕ್ಟೋಬರಿನಲ್ಲಿ. ಬೇಟೆಯ ದಿನಗಳು ಇನ್ನೂ ಉಳಿದಿದ್ದವು, ನಿನ್ನ ಮಂಡಿ ಸರಿಹೋಗಿದ್ದರೆ? ಆಸ್ಪತ್ರೆಯಿಂದಲೇ ಫೋನ್ ಮಾಡಿದೆ. ನೀನು ಹಲೋ ಎಂದೆ. ನಿನ್ನ ದನಿ ಕೇಳಿದ ಮೇಲೆ ನನಗೆ ಮಾತೇ ಹೊರಡಲಿಲ್ಲ. ಮರುದಿನವೂ ಹಾಗೇ. ಅದರ ಮರುದಿನ ನೀನು ಬೈದೆ. ಅಕ್ಕ, ಆ ಬೈಗುಳ ಕೇಳಿ ನಾನು ಫೋನಿನ ಪಕ್ಕದಲ್ಲೇ ಕೂತು ಅತ್ತೆ.

ಆಮೇಲಾದರೂ ನಿಜ ಬರೆಯಬಹುದಿತ್ತು. ಬರೆದದ್ದೇನು? ನಿನ್ನ ಹಿತ್ತಾಳೆಯ ಮೇಲೆ, ಆ ಪಾಪದ ಡಾರೆಲ್ಲನ ಮೇಲೆ ತಪ್ಪು ಹೊರಿಸಿದೆ. ನನ್ನ ಕೈ ಹೋಯಿತು ಎಂದು ಬರೆದರೆ ಇನ್ನು ನಿನಗೆ ನನ್ನಿಂದ ಏನು ಕೆಲಸ ಎಂಬ ಹೆದರಿಕೆ. ಆಟ ಎಂದದ್ದೂ ಅದಕ್ಕೇ. ಅದು ಆಟವಾಗಿರಲಿಲ್ಲ. ಗಣಿ ಮುಚ್ಚಿದ ಮೇಲೆ ವರ್ಷಕ್ಕೊಮ್ಮೆ ನನಗಿದ್ದ ಕೆಲಸ ಅದೊಂದೇ.

ಮಾರ್ಚಿಗೆ ಬರುತ್ತೇನೆ. ಅಚ್ಚು, ಯಂತ್ರ ಎಲ್ಲ ತರುತ್ತೇನೆ. ಕೆಲಸ ನನ್ನ ತಲೆಯಲ್ಲಿದೆ, ಅದನ್ನು ನಿನಗೆ ಕೊಡುತ್ತೇನೆ. ನೀನು ಒಂದನ್ನೂ ಹಾರಿಸಲಿಲ್ಲ ಎಂಬುದೊಂದೇ ಸಮಾಧಾನ. ದಿನಾ ಬೆಳಿಗ್ಗೆ ಎದ್ದ ತಕ್ಷಣ ಅದನ್ನು ನೆನೆಯುತ್ತೇನೆ. ಆ ಮಂಡಿ ನೋವಿಗೆ ನನ್ನ ನಮಸ್ಕಾರ ಹೇಳು.

ನಿನ್ನ ತಮ್ಮ,
ಸೆಲ್ಮರ್


ಎಕಲಾಕ
ಡಿಸೆಂಬರ್ 18, 1983

ಪ್ರೀತಿಯ ಸೆಲ್ಮರ್,

ನಿನ್ನ ಪತ್ರ ಬಂದು ಒಂಬತ್ತು ದಿನವಾಯಿತು. ಮೊದಲ ದಿನ ಓದಿ ಅತ್ತೆ. ಎರಡನೆಯ ದಿನ ಡಾರೆಲ್ಲನ ಹೆಸರಿಗೆ ಮಸಿ ಬಳಿದದ್ದಕ್ಕೆ ನಿನಗೆ ಮನಸ್ಸಿನಲ್ಲೇ ಎರಡು ಬಿಗಿದೆ. ಉಳಿದ ದಿನಗಳೆಲ್ಲ ನಿನ್ನ ಕೊನೆಯ ಸಾಲುಗಳಲ್ಲೇ ಸಿಕ್ಕಿಬಿದ್ದಿದ್ದೆ. ನಾನು ಹಾರಿಸಲಿಲ್ಲ ಎಂದು ನೀನು ದಿನಾ ಬೆಳಿಗ್ಗೆ ನೆನೆಯುತ್ತೀಯ. ಅದನ್ನು ಹಾಗೇ ಬಿಟ್ಟುಬಿಡೋಣ, ಅಷ್ಟಾದರೂ ಇರಲಿ ಇವನಿಗೆ ಎಂದುಕೊಂಡೆ. ಗಾಯಕ್ಕೆ ಪೌಡರ್ ಬಳಿದು ಕನ್ನಡಿಯಲ್ಲಿ ನೋಡಿಕೊಂಡೆ. ಎಪ್ಪತ್ತರ ಮುದುಕಿ ಮುಖಕ್ಕೆ ಅಷ್ಟು ಪೌಡರ್ ಹಾಕಿದರೆ ನೀನು ಬಾಗಿಲಲ್ಲೇ ನಕ್ಕುಬಿಡುತ್ತೀಯ.

ನೀನು ಮುಚ್ಚಿಟ್ಟದ್ದನ್ನೆಲ್ಲ ಬಿಚ್ಚಿಟ್ಟೆ. ನಾನು ಮುಚ್ಚಿಟ್ಟುಕೊಂಡು ನಿನ್ನೆದುರು ಕೂತರೆ ಅಚ್ಚಿನ ಮುಂದೆ ಇಬ್ಬರಲ್ಲಿ ಒಬ್ಬರ ಮಾತೂ ನಂಬುವಂತಿರುವುದಿಲ್ಲ. ಈ ಕೆಲಸದಲ್ಲಿ ಅದು ನಡೆಯುವುದಿಲ್ಲ. ಅಕ್ಟೋಬರ್ ಇಪ್ಪತ್ತನಾಲ್ಕಕ್ಕೆ ಬರೆದು ಅಂಚೆಗೆ ಹಾಕದ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ಮೊದಲು ಕೂತುಕೋ, ಆಮೇಲೆ ಓದು.

ಓದಿದೆಯಾ? ಕಣ್ಣು ಚೆನ್ನಾಗಿದೆ. ಹೊಲಿಗೆ ಬಿಚ್ಚಿದ್ದಾರೆ. ಮಂಡಿಗೆ ಏನೂ ಆಗಿಲ್ಲ, ಅದು ಸುಳ್ಳು. ಕೆರೆಗೆ ಎಸೆದದ್ದು ಮೂವತ್ತೊಂಬತ್ತು.

ನಿನ್ನ ಮೇಲೆ ನನಗೆ ಒಂದು ಚೂರೂ ಸಿಟ್ಟಿಲ್ಲ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಆಸ್ಪತ್ರೆಯಲ್ಲಿ ಸೂಜಿ ಒಳಗೆ ಹೊರಗೆ ಹೋಗುವಾಗ ನಿನಗೆ ಚೆನ್ನಾಗಿ ಬೈದೆ. ಅದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಆ ಫೋನಿಗೆ. ಮುಂದಿನ ಸಲ ಫೋನ್ ಮಾಡಿದರೆ ಮಾತಾಡು.

ಮಾರ್ಚಿಗೆ ಬಾ. ಬರಲೇಬೇಕು. ಮೈಲ್ಸ್ ಸಿಟಿಯ ಬಸ್ ನಿಲ್ದಾಣಕ್ಕೆ ಡಾರೆಲ್ ಗಾಡಿ ತರುತ್ತಾನೆ. ಅವನಿಗೆ ಎಲ್ಲ ಹೇಳಿದ್ದೇನೆ. "ಅಯ್ಯೋ, ನಮ್ಮಪ್ಪನ ಮೂಗು ಮುರಿದ ಕೈ ಅಲ್ವಾ ಅದು, ಹಂಗಾಗ್ಬಾರ್ದಿತ್ತು," ಎಂದ.

ಆರ್ಡಿಸ್


ಬ್ಯೂಟ್
ಜನವರಿ 2, 1984

ಪ್ರೀತಿಯ ಅಕ್ಕ,

ಕೂತುಕೊಂಡೇ ಓದಿದೆ. ಲೊರೇನ್ ಬಂದು ಏನಾಯಿತೆಂದು ಕೇಳಿದಳು, ನಾನು ಪತ್ರವನ್ನೇ ಅವಳ ಕೈಗೆ ಕೊಟ್ಟೆ.

ಕ್ಷಮಿಸು ಎಂದು ಬರೆಯಲು ಮೂರು ಹಾಳೆ ಹಾಳು ಮಾಡಿದೆ. ಬರೆಯಲು ಬರಲಿಲ್ಲ. ನೀನು ಹೇಳದೆ ಇದ್ದಿದ್ದರೆ ನಾನು ಸಾಯುವವರೆಗೂ ನಂಬಿಕೊಂಡು ಸುಖವಾಗಿರುತ್ತಿದ್ದೆ. ಆದರೂ ಹೇಳಿದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ನಾನು ಅಲ್ಲಿ ಬಂದು ಜಂಬದಿಂದ ಗುರುವಿನ ಹಾಗೆ ಕೂರುತ್ತಿದ್ದೆ.

ಮಾರ್ಚ್ ಹನ್ನೆರಡರ ಬಸ್ಸಿಗೆ ಬರುತ್ತೇನೆ. ಕಾಡತೂಸನ್ನು ನೀನು ಹಿಡಿಯಬೇಕು. ನಾನು ಪಕ್ಕದಲ್ಲಿ ಕೂತು ನಿನ್ನ ಮುಖ ನೋಡುತ್ತಿರುತ್ತೇನೆ. ಬಿಸಿ ತಾಗಿದ ತಕ್ಷಣ ನಿನ್ನ ಮುಖದಲ್ಲಿ ಗೊತ್ತಾಗುತ್ತದೆ, ನೀನು ಎಂದೂ ನೋವು ಮುಚ್ಚಿಡಲು ಬಾರದವಳು ಎಂದುಕೊಂಡಿದ್ದೆ. ಈಗ ಆ ಮಾತೂ ಹೇಳುವಂತಿಲ್ಲ.

ಬಂದ ತಕ್ಷಣ ಆ ಗಾಯವನ್ನು ಒಮ್ಮೆ ಮುಟ್ಟಿ ನೋಡಬೇಕು, ಬೇಡ ಎನ್ನಬೇಡ. ನನ್ನ ಬೆರಳಿಗೆ ಏನೂ ತಿಳಿಯುವುದಿಲ್ಲ. ಎಷ್ಟು ಉದ್ದವಿದೆ, ಎಷ್ಟು ಆಳವಾಗಿತ್ತು, ಎಷ್ಟು ನೋಯಿತು ಎಂದು ನಾನು ಮುಟ್ಟಿಕೊಂಡಿರುವಾಗ ನೀನೇ ಹೇಳಬೇಕು. ಕಡಿಮೆ ಮಾಡಿ ಹೇಳಬೇಡ.

ಸೆಲ್ಮರ್